ಎರಡೂವರೆ ವರ್ಷ, ತುಂಬಾ ಸಾಧು

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುವ ಸಂದೇಶವಿದು: ‘ಗ್ರೇಟ್ ಡೇನ್, ಗಂಡು, ಎರಡೂವರೆ ವರ್ಷ, ತುಂಬಾ ಸಾಧು, ಮಕ್ಕಳ ಜೊತೆ ಚೆನ್ನಾಗಿರುತ್ತದೆ, ಎಲ್ಲ ಇಂಜೆಕ್ಷನ್ ಆಗಿದೆ. ಮನೆ ಬದಲಾಯಿಸುತ್ತಿರುವುದರಿಂದ ಒಳ್ಳೆಯ ಕುಟುಂಬಕ್ಕೆ ಉಚಿತವಾಗಿ ಕೊಡಲಾಗುವುದು.’ ಕೆಳಗೊಂದು ಫೋಟೊ. ಗೇಟಿನ ಪಕ್ಕ ಕೂತ, ಎಮ್ಮೆಗರುವಿನ ಗಾತ್ರದ ನಾಯಿ. ತಳಿಯ ಹೆಸರು ಬದಲಾಗುತ್ತಿರುತ್ತದೆ. ಒಮ್ಮೆ ಲ್ಯಾಬ್ರಡಾರ್, ಒಮ್ಮೆ ಗೋಲ್ಡನ್ ರಿಟ್ರೀವರ್, ಒಮ್ಮೆ ಸೇಂಟ್ ಬರ್ನಾರ್ಡ್. ಕಾರಣಗಳು ಮಾತ್ರ ನಾಲ್ಕೈದೇ: ವರ್ಗಾವಣೆ, ಹೊಸ ಫ್ಲ್ಯಾಟು, ಮನೆಗೆ ಬಂದ ಕೂಸು, ಓನರ್ ತಕರಾರು, ‘ನೋಡಿಕೊಳ್ಳೋಕೆ ಆಗ್ತಿಲ್ಲ’. ಓದಿದವರು ‘ಪಾಪ’ ಎಂದು ಅಳುಮೋರೆಯ ಇಮೋಜಿ ಒತ್ತಿ ಮುಂದೆ ಹೋಗುತ್ತಾರೆ. ನಾಯಿ ತರಬೇಕೆಂದು ತಿಂಗಳಿಂದ ಯೋಚಿಸುತ್ತಿದ್ದ ಮನೆಯವರೂ ಮುಂದೆ ಹೋಗುತ್ತಾರೆ. ಹೋಗಿ, ನಲವತ್ತೈದು ದಿನದ ಮರಿಯೊಂದಕ್ಕೆ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಅವರು ಲೆಕ್ಕ ತಪ್ಪುತ್ತಿದ್ದಾರೆ ಎಂಬುದು ನನ್ನ ವಾದ.

ಕರುಣೆಯ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಬೀದಿಪಾಲಾದ ಪ್ರಾಣಿಗೆ ಆಸರೆ ಕೊಡುವುದು ಪುಣ್ಯದ ಕೆಲಸವೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಪುಣ್ಯಕ್ಕೆಂದು ತಂದ ನಾಯಿ ಆರು ತಿಂಗಳಲ್ಲಿ ಅದೇ ವಾಟ್ಸ್ಆ್ಯಪ್ ಗುಂಪಿಗೆ ವಾಪಸ್ಸಾಗುವುದೂ ಉಂಟು. ನಾನು ಹೇಳಹೊರಟಿರುವುದು ಮನೆಯವರ ಸ್ವಾರ್ಥದ ಮಾತು. ಮಕ್ಕಳು, ಅಜ್ಜ ಅಜ್ಜಿ, ಬಂದುಹೋಗುವ ನೆಂಟರು, ಬೆಳಿಗ್ಗೆ ಪಾತ್ರೆ ತೊಳೆಯಲು ಬರುವಾಕೆ, ಇಷ್ಟು ಜನ ಓಡಾಡುವ ಮನೆಗೆ ದೊಡ್ಡದೊಂದು ಸೌಮ್ಯ ನಾಯಿ ಬೇಕಿದ್ದರೆ, ಬೆಳೆದು ನಿಂತ, ಯಾರದೋ ಮನೆಯಲ್ಲಿ ಕೆಲ ಕಾಲ ಇದ್ದು ತನ್ನ ಗುಣ ತೋರಿಸಿಕೊಟ್ಟ ನಾಯಿಯೇ ಮರಿಗಿಂತ ಭದ್ರವಾದ ಆಯ್ಕೆ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಹೆಗಲಿಗೆ ನೊಗವಿಟ್ಟು ನಾಲ್ಕು ಹೆಜ್ಜೆ ನಡೆಸುತ್ತಾನೆ. ಅರವತ್ತು ಕಿಲೋ ತೂಗಲಿರುವ ಪ್ರಾಣಿಯನ್ನು ಮಕ್ಕಳಿರುವ ಮನೆಯೊಳಕ್ಕೆ ಬಿಟ್ಟುಕೊಳ್ಳುವಾಗ ನಾವು ನೋಡುವುದು ಅಂಗೈಯಲ್ಲಿ ಹಿಡಿಸುವ ಮರಿಯ ಮುಖ ಮಾತ್ರ.

‘ತಳಿ ಗೊತ್ತಿದೆಯಲ್ಲ, ಲ್ಯಾಬ್ ಅಂದರೆ ಸಾಧುವೇ’ ಎನ್ನುವವರಿದ್ದಾರೆ. ತಳಿಯ ಮೇಲಿನ ಈ ಭರವಸೆ ಎಷ್ಟು ಗಟ್ಟಿ ಎಂದು ನೋಡಿದವರೂ ಇದ್ದಾರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಲಿನಾರ್ ಕಾರ್ಲ್‌ಸನ್ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. 18,385 ನಾಯಿಗಳ ನಡವಳಿಕೆಯ ಬಗ್ಗೆ ಅವುಗಳನ್ನು ಸಾಕಿದವರಿಂದ ಉತ್ತರ ಪಡೆದು, ಅವುಗಳಲ್ಲಿ 2,155 ನಾಯಿಗಳ ಡಿಎನ್‌ಎ ಓದಿ ತಾಳೆ ಹಾಕಿದ್ದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದು ಗೊತ್ತಾಯಿತು. ಕಿವಿ ಜೋತಾಡುವುದೋ ನೆಟ್ಟಗಿರುವುದೋ, ಕೂದಲು ಉದ್ದವೋ ಗಿಡ್ಡವೋ, ಮೈ ಎಷ್ಟು ಬೆಳೆದೀತು ಎಂಬುದನ್ನೆಲ್ಲ ತಳಿ ಹೇಳುತ್ತದೆ. ಬಾಗಿಲಲ್ಲಿ ಅಪರಿಚಿತರನ್ನು ಕಂಡಾಗ ಹೆದರುತ್ತದೆಯೋ, ಬಾಲ ಆಡಿಸುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ಹೇಳುವುದಿಲ್ಲ. ಈ ಶೇ 9 ಎರಡೂ ಕಡೆ ಕೊಯ್ಯುವ ಕತ್ತಿ. ಲ್ಯಾಬ್ರಡಾರ್ ಎಂಬ ಹೆಸರು ಸಾಧುತನಕ್ಕೆ ಗ್ಯಾರಂಟಿ ಕಾರ್ಡ್ ಅಲ್ಲ. ಬೇರೊಂದು ಹೆಸರು ಕೇಳಿದೊಡನೆ ಕಚ್ಚುವ ನಾಯಿಯೆಂದು ತೀರ್ಮಾನಿಸುವುದೂ ಸರಿಯಲ್ಲ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ‘ಉಗ್ರ’ವೆಂದು ಪಟ್ಟಿ ಮಾಡಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದು ಮಾಡಿತು. ಹಾಗೆ ನೋಡಿದರೆ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಲ್ಯಾಬ್ರಡಾರ್ ಆ ಪಟ್ಟಿಯಲ್ಲಿ ಇರಲೂ ಇಲ್ಲ.

ಹಾಗಾದರೆ ಮರಿಯ ಗುಣ ಯಾವಾಗ ಗೊತ್ತಾಗುತ್ತದೆ? ದೊಡ್ಡ ತಳಿಗಳಲ್ಲಿ ತಡವಾಗಿ. ಗ್ರೇಟ್ ಡೇನ್ ಮರಿ ಹುಟ್ಟುವಾಗ ಅರ್ಧ ಕಿಲೋ ಆಸುಪಾಸಿನಲ್ಲಿದ್ದು ವರ್ಷ ತುಂಬುವುದರೊಳಗೆ ಐವತ್ತು ಕಿಲೋ ಹತ್ತಿರ ಬಂದಿರುತ್ತದೆ; ಬುದ್ಧಿ ಬಲಿಯಲು ಮಾತ್ರ ಒಂದೂವರೆ, ಎರಡು ವರ್ಷ ಬೇಕು. ನಡುವಿನ ಆ ಕಾಲವೇ ಗಂಡಾಂತರದ್ದು. ಮೈ ಆನೆಯದು, ಬುದ್ಧಿ ಕೂಸಿನದು. ಇಂಗ್ಲೆಂಡಿನ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ಒಂದು ತಮಾಷೆಯ ಸಂಗತಿ ಕಂಡುಕೊಂಡರು: ಐದು ತಿಂಗಳಲ್ಲಿ ಹೇಳಿದ ಮಾತು ಕೇಳುತ್ತಿದ್ದ ನಾಯಿ ಎಂಟು ತಿಂಗಳಿಗೆ ಬಂದಾಗ ತನ್ನನ್ನು ಸಾಕಿದವರ ಮಾತಿಗೆ ಕಿವಿಗೊಡುವುದಿಲ್ಲ, ಆದರೆ ಅದೇ ಮಾತನ್ನು ಬೇರೆಯವರು ಹೇಳಿದರೆ ಕೇಳುತ್ತದೆ. ಹರೆಯದ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ಕಿಲೋದ ನಾಯಿ ಮಾತು ಕೇಳದಿದ್ದರೆ ಎತ್ತಿ ಕಂಕುಳಲ್ಲಿ ಇರುಕಿಕೊಳ್ಳಬಹುದು. ನಲವತ್ತು ಕಿಲೋದ್ದು ಮಾತು ಕೇಳದಿದ್ದರೆ ಅಜ್ಜಿ ಅಂಗಳದಲ್ಲಿ ಬೀಳುತ್ತಾರೆ. ‘ನೋಡಿಕೊಳ್ಳೋಕೆ ಆಗ್ತಿಲ್ಲ’ ಎಂಬ ಮಾತು ಹುಟ್ಟುವುದೇ ಇಲ್ಲಿ. ನಮ್ಮ ಸಂದೇಶದ ಎರಡೂವರೆ ವರ್ಷದ ಡೇನ್ ಈ ಹೊಳೆಯನ್ನು ದಾಟಿ ದಡದಲ್ಲಿ ನಿಂತಿದೆ. ಮೊದಲ ಮನೆಯವರು ಕಷ್ಟದ ಭಾಗವನ್ನೆಲ್ಲ ಅನುಭವಿಸಿ, ಫಲ ಬರುವ ಹೊತ್ತಿಗೆ ಕೈಬಿಟ್ಟಿದ್ದಾರೆ.

ಮೂಳೆಯ ಕಥೆಯೂ ಇದೇ. ಬೇಗ ಬೇಗ ಬೆಳೆಯುವ ದೊಡ್ಡ ತಳಿಯ ಮರಿಗೆ ‘ಮೂಳೆ ಗಟ್ಟಿಯಾಗಲಿ’ ಎಂದು ಸಿಕ್ಕಾಪಟ್ಟೆ ಕ್ಯಾಲ್ಸಿಯಂ ಸಿರಪ್ ಹಾಕುವವರಿದ್ದಾರೆ. ಮರಿಯ ಮೈ ಬೇಡದ ಕ್ಯಾಲ್ಸಿಯಂ ಅನ್ನು ಹೊರಹಾಕಲಾರದೆ ಒಳಗೆ ಸೇರಿಸಿಕೊಳ್ಳುತ್ತದೆ, ಮೂಳೆ ಸೊಟ್ಟಗಾಗುತ್ತದೆ. ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್‌ಪ್ಲೇಸಿಯಾ ಲ್ಯಾಬ್, ಗೋಲ್ಡನ್, ಸೇಂಟ್ ಬರ್ನಾರ್ಡ್‌ಗಳಲ್ಲೆಲ್ಲ ಕಾಣುವ ತೊಂದರೆ. ನಲವತ್ತೈದು ದಿನದ ಮರಿಯಲ್ಲಿ ಅದು ಗೊತ್ತಾಗುವುದಿಲ್ಲ. ಬೆಳೆದ ನಾಯಿಯದಾದರೆ ಒಂದು ಎಕ್ಸ್‌ರೇ ತೆಗೆಸಿದರೆ ಆಯಿತು. ಅಂದಹಾಗೆ, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು, ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಮರಿ ಹಾಕಿಸಲು ಬಳಸಕೂಡದು, ನಾಯಿ ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎಂದು 2017ರ ಕೇಂದ್ರ ನಿಯಮಗಳಿವೆ. ಎಂಟು ವಾರ ಎಂದರೆ ಐವತ್ತಾರು ದಿನ. ‘ನಲವತ್ತೈದು ದಿನದ ಮರಿ ಲಭ್ಯ’ ಎಂಬ ಜಾಹೀರಾತು ಕಾನೂನು ಮುರಿದೆನೆಂದು ತಾನೇ ಡಂಗುರ ಹೊಡೆಯುತ್ತಿರುತ್ತದೆ.

ಇಷ್ಟು ಒಳ್ಳೆಯ ನಾಯಿಗಳಾದರೆ ಬೀದಿಗೆ ಬಂದದ್ದೇಕೆ ಎಂಬ ಅನುಮಾನ ಸಹಜ. ನಾಯಿ ತರುವುದರಲ್ಲಿ ಫ್ಯಾಷನ್ ಇದೆ, ಫ್ಯಾಷನ್ನಿಗೆ ಆಯುಸ್ಸು ಕಡಿಮೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್ ನಾಯಿ ದೇಶದ ಮನೆಮನೆಗೆ ಬಂತು. 2022ರ ‘777 ಚಾರ್ಲಿ’ ನೋಡಿ ಕಣ್ಣೀರಿಟ್ಟವರಲ್ಲಿ ಎಷ್ಟು ಜನ ಆ ಚಿತ್ರ ನಾಯಿ ಸಾಕಣೆಯ ಅಕ್ರಮ ದಂಧೆಯ ಬಗ್ಗೆ ಹೇಳಿದ್ದನ್ನು ನೆನಪಿಟ್ಟರೋ, ಎಷ್ಟು ಜನ ಲ್ಯಾಬ್ ಮರಿಯ ಮುದ್ದುಮುಖವನ್ನಷ್ಟೇ ನೆನಪಿಟ್ಟರೋ. ದೊಡ್ಡ ನಾಯಿ ಗೇಟಿನ ಮುಂದೆ ನಿಂತರೆ ಅಂತಸ್ತು ಎಂಬ ಭಾವನೆ ಬೇರೆ. ಅಂತಸ್ತಿಗೆ ತಂದದ್ದನ್ನು ಜಾಗ ಸಾಲದಾದಾಗ ಹಳೆಯ ಸೋಫಾ ಕೊಟ್ಟಂತೆ ಕೊಟ್ಟುಬಿಡುತ್ತಾರೆ; ಕೊಡಲು ಆಗದವರು ನೈಸ್ ರಸ್ತೆಯ ಪಕ್ಕವೋ ಆಸ್ಪತ್ರೆಯ ಗೇಟಿಗೋ ಕಟ್ಟಿ ಹೋಗುತ್ತಾರೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಈಡಾಗುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದವರಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲಿ ಆ ದುಡ್ಡಿಗೆ ಮಸಾಲೆ ದೋಸೆ ಬರುವುದೂ ಅನುಮಾನ. ಬಿಟ್ಟುಹೋದವರ ಕಾರಣಗಳ ಪಟ್ಟಿಯನ್ನು ಮತ್ತೊಮ್ಮೆ ಓದಿ. ವರ್ಗಾವಣೆ, ಫ್ಲ್ಯಾಟು, ಕೂಸು, ಓನರ್. ಇವುಗಳಲ್ಲಿ ನಾಯಿಯ ತಪ್ಪು ಯಾವುದು?

ಇನ್ನು ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ನಾವು ಮಕ್ಕಳಿಗೂ ನಾಯಿಗೂ ಒಂದೇ ಸಮನೆ ಅನ್ವಯಿಸುತ್ತೇವೆ. ಮರಿಯಿಂದ ಸಾಕಿದರೆ ಮಾತ್ರ ನಮ್ಮದಾಗುತ್ತದೆ, ದೊಡ್ಡದನ್ನು ತಂದರೆ ಹಳೇ ಒಡೆಯನನ್ನೇ ನೆನೆಯುತ್ತಾ ಕೂರುತ್ತದೆ ಎಂಬ ನಂಬಿಕೆ. ಹಂಗೆರಿಯ ಮಾರ್ತಾ ಗಾಚಿ ಮತ್ತು ಸಂಗಡಿಗರು 2001ರಲ್ಲಿ ಇದನ್ನೇ ಪರೀಕ್ಷಿಸಿದರು. ಆಶ್ರಯಕೇಂದ್ರದಲ್ಲಿದ್ದ ಬೆಳೆದ ನಾಯಿಗಳ ಜೊತೆ ಹೊಸಬರೊಬ್ಬರು ಹತ್ತು ಹತ್ತು ನಿಮಿಷದಂತೆ ಮೂರು ಸಲ ಕಾಲ ಕಳೆದರು, ಅಷ್ಟೇ. ಆಮೇಲೆ ಅವರು ಕೋಣೆಯಿಂದ ಹೊರಹೋದಾಗ ನಾಯಿಗಳು ಬಾಗಿಲ ಬಳಿ ನಿಂತು ಕಾದವು, ತಿರುಗಿ ಬಂದಾಗ ಓಡಿಬಂದು ಎದುರುಗೊಂಡವು. ಬೇರೆ ಅಪರಿಚಿತರಿಗೆ ಆ ಮರ್ಯಾದೆ ಸಿಗಲಿಲ್ಲ. ಒಟ್ಟು ಅರ್ಧ ಗಂಟೆಯ ಒಡನಾಟ. ನಾಯಿಯ ನಿಷ್ಠೆ ಜನ್ಮಕ್ಕೊಂದೇ ಸಲ ಮುದ್ರೆ ಒತ್ತುವಂಥದ್ದಲ್ಲ ಎಂದಾಯಿತು.

ಇದಕ್ಕಿಂತ ದೊಡ್ಡ ಪುರಾವೆ ಗ್ರೇಹೌಂಡ್‌ಗಳದ್ದು. ರೇಸಿಗೆಂದೇ ಬೆಳೆಸಿದ ಈ ನಾಯಿಗಳು ಸಾಲುಗೂಡುಗಳಲ್ಲಿ ಬೆಳೆಯುತ್ತವೆ. ಮೆಟ್ಟಿಲು ಕಂಡಿರುವುದಿಲ್ಲ, ಕನ್ನಡಿ ಕಂಡಿರುವುದಿಲ್ಲ, ಗಾಜಿನ ಬಾಗಿಲು ಬಾಗಿಲೆಂದು ಗೊತ್ತಿರುವುದಿಲ್ಲ. ಮಕಾವುವಿನ ಕ್ಯಾನಿಡ್ರೋಮ್ ಎಂಬ ರೇಸ್ ಅಂಗಳ 2018ರ ಜುಲೈಯಲ್ಲಿ ಮುಚ್ಚಿದಾಗ ಐನೂರಕ್ಕೂ ಹೆಚ್ಚು ಗ್ರೇಹೌಂಡ್‌ಗಳು ಅಲ್ಲೇ ಉಳಿದುಹೋದವು. ಅನಿಮಾ ಎಂಬ ಸ್ಥಳೀಯ ಸಂಸ್ಥೆ ಹಾಂಗ್‌ಕಾಂಗ್, ಇಟಲಿ, ಬ್ರಿಟನ್, ಅಮೆರಿಕಗಳಲ್ಲಿ ಅವಕ್ಕೆ ಮನೆ ಹುಡುಕಿತು. ಫ್ಲಾರಿಡಾದ ಮತದಾರರು ಅದೇ ವರ್ಷದ ನವೆಂಬರಿನಲ್ಲಿ ರೇಸಿಗೆ ವಿರುದ್ಧವಾಗಿ ಶೇ 69ರಷ್ಟು ಮತ ಹಾಕಿದರು, 2020ರ ಕೊನೆಗೆ ಅಲ್ಲಿ ರೇಸ್ ನಿಂತಿತು. ಓಡುವುದೊಂದೇ ಗೊತ್ತಿದ್ದ ಪ್ರಾಣಿ ಸೋಫಾದ ಮೇಲೆ ನಾಲ್ಕು ಕಾಲೂ ಮೇಲೆತ್ತಿ ದಿನವಿಡೀ ನಿದ್ದೆ ಹೊಡೆಯುವುದನ್ನು ಕಂಡು ತಂದವರೇ ಬೆರಗಾಗುತ್ತಾರೆ. ಎಲ್ಲವೂ ಸುಗಮ ಎಂದಲ್ಲ. ಬೆಕ್ಕು ಕಂಡರೆ ಹಳೆಯ ಓಟ ನೆನಪಾಗುವ ಗ್ರೇಹೌಂಡ್‌ಗಳಿವೆ, ಅವನ್ನು ಬೆಕ್ಕಿರುವ ಮನೆಗೆ ಕೊಡುವುದಿಲ್ಲ. ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಗ್ರೇಹೌಂಡಿನಂತೆಯೇ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಮನೆಯವರಿಗೆ ಸೌಮ್ಯ, ಹೊರಗಿನವರು ಮೈ ಮುಟ್ಟಿದರೆ ಮುಜುಗರ, ಮೊಲ ಕಂಡರೆ ಬಾಣ. ಈ ಮೂರು ತಿಳಿದು ತರುವವರಿಗೆ ಅದೂ ಒಳ್ಳೆಯ ಸಂಗಾತಿಯೇ.

‘ಹಿಂದೆ ಏನಾಗಿತ್ತೋ ಯಾರಿಗೆ ಗೊತ್ತು, ಒಂದು ದಿನ ಮಗುವಿಗೆ ಬಾಯಿ ಹಾಕಿದರೆ?’ ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ನನ್ನ ವಾದಕ್ಕೆ ವಿರುದ್ಧವಾದ ಒಂದು ಸಂಗತಿಯನ್ನು ನಾನೇ ಮುಂದಿಡುತ್ತೇನೆ: ಆಶ್ರಯಕೇಂದ್ರಗಳಲ್ಲಿ ನಾಯಿಯನ್ನು ಕೆಣಕಿ, ಬಟ್ಟಲು ಎಳೆದು, ಗೊಂಬೆ ತೋರಿಸಿ ಮಾಡುವ ಸ್ವಭಾವ ಪರೀಕ್ಷೆಯನ್ನು ನಂಬುವುದು ನಾಣ್ಯ ಚಿಮ್ಮಿಸಿ ನೋಡಿದಂತೆಯೇ ಎಂದು ಅಮೆರಿಕದ ಗ್ಯಾರಿ ಪ್ಯಾಟ್ರೋನೆಕ್ ಮತ್ತು ಜಾನಿಸ್ ಬ್ರ್ಯಾಡ್ಲಿ 2016ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನೂರು ನಾಯಿ ಬೊಗಳುವ ಜಾಗದಲ್ಲಿ ಯಾವ ನಾಯಿಯೂ ತಾನಾಗಿರುವುದಿಲ್ಲ. ಹಾಗಾಗಿ ನಂಬಬೇಕಾದದ್ದು ಹತ್ತು ನಿಮಿಷದ ಪರೀಕ್ಷೆಯನ್ನಲ್ಲ, ನಾಯಿಯನ್ನು ಹಲವು ವಾರ ಮನೆಯಲ್ಲಿಟ್ಟುಕೊಂಡ ಫಾಸ್ಟರ್ ಕುಟುಂಬದ ಮಾತನ್ನು. ಕುಕ್ಕರ್ ಕೂಗಿದಾಗ ಏನು ಮಾಡಿತು? ಸಿಲಿಂಡರ್ ಹೊತ್ತು ಬಂದವನನ್ನು ಕಂಡಾಗ? ಉಣ್ಣುವಾಗ ಹತ್ತಿರ ಹೋದರೆ ಮೈ ಬಿಗಿ ಮಾಡುತ್ತದೆಯೇ? ರಾತ್ರಿ ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆಯೇ? ಈ ನಾಲ್ಕು ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ಆ ನಾಯಿಯನ್ನು ಮಕ್ಕಳ ಮನೆಗೆ ತರಬೇಡಿ. ತಟ್ಟೆಯ ಬಳಿ ಗುರ್ರೆನ್ನುವ ನಾಯಿಗೆ ಮಕ್ಕಳಿಲ್ಲದ ಮನೆ ಹುಡುಕಲಿ. ಇಷ್ಟು ಪ್ರಶ್ನೆ ಕೇಳುವ ಅವಕಾಶವಾದರೂ ಬೆಳೆದ ನಾಯಿಯ ವಿಷಯದಲ್ಲಿದೆ. ಮರಿಯ ವಿಷಯದಲ್ಲಿ ಕೇಳುವುದು ಯಾರನ್ನು?

ಮಕ್ಕಳಿಗೆ ಆಗುವ ಕಡಿತಗಳನ್ನು ಗಮನಿಸಿದವರು ಹೇಳುವ ಇನ್ನೊಂದು ಮಾತೂ ಇಲ್ಲಿ ಮುಖ್ಯ. ಸಣ್ಣ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಗುರುತಿನ ನಾಯಿಯೇ. ಮಲಗಿದ್ದಾಗ, ಉಣ್ಣುತ್ತಿದ್ದಾಗ, ಅಥವಾ ಮಗು ಕುತ್ತಿಗೆಗೆ ಜೋತುಬಿದ್ದಾಗ. ಅಪ್ಪುಗೆ ನಮಗೆ ಪ್ರೀತಿ, ನಾಯಿಗೆ ಬಂಧನ. ನಾಯಿ ಮೊದಲು ಎಚ್ಚರಿಸದೆ ಕಚ್ಚುವುದು ಅಪರೂಪ, ಎಚ್ಚರಿಕೆಯನ್ನು ಓದಲು ನಮಗೆ ಬರುವುದಿಲ್ಲ. ನಿದ್ದೆ ಬಂದಿಲ್ಲದಿದ್ದರೂ ಆಕಳಿಸುತ್ತದೆ, ಊಟವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ಮುಖ ಅತ್ತ ತಿರುಗಿಸಿ ಓರೆಗಣ್ಣಿನ ಬಿಳಿ ತೋರಿಸುತ್ತದೆ. ಅಷ್ಟರಲ್ಲೇ ಮಗುವನ್ನು ಕರೆದುಕೊಂಡರೆ ಮುಂದಿನ ಗುರ್ರ್ ಬರುವುದಿಲ್ಲ. ಗುರ್ರೆಂದದ್ದಕ್ಕೆ ಹೊಡೆಯುವ ಮನೆಗಳಲ್ಲಿ ನಾಯಿ ಗುರ್ರೆನ್ನುವುದನ್ನು ಬಿಟ್ಟು ನೇರವಾಗಿ ಬಾಯಿ ಹಾಕುವುದನ್ನು ಕಲಿಯುತ್ತದೆ. ಎಷ್ಟೇ ಸಾಧುವಾದರೂ ಐದಾರು ವರ್ಷದೊಳಗಿನ ಮಗುವನ್ನೂ ದೊಡ್ಡ ನಾಯಿಯನ್ನೂ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬಾರದು. ಇದರಲ್ಲಿ ರಾಜಿಯಿಲ್ಲ.

ಫ್ಲ್ಯಾಟಿನಲ್ಲಿ ಇಷ್ಟು ದೊಡ್ಡ ನಾಯಿಯೇ ಎಂಬ ಉದ್ಗಾರಕ್ಕೆ ಉತ್ತರ ಚಿಕ್ಕದು. ನಾಯಿಗೆ ಬೇಕಾದ ಜಾಗವನ್ನು ಅಳೆಯುವುದು ಅದರ ಚಟುವಟಿಕೆಯಿಂದ, ಉದ್ದದಿಂದಲ್ಲ. ಬೆಳೆದ ಡೇನ್ ದಿನದ ಬಹುಪಾಲು ಮಲಗಿರುತ್ತದೆ. ಎರಡು ಹೊತ್ತು ನಿಧಾನ ನಡಿಗೆ ಸಾಕು. ಅದೇ ಫ್ಲ್ಯಾಟಿನಲ್ಲಿ ಬೀಗಲ್ ಮರಿ ಗೋಡೆಯ ಸುಣ್ಣವನ್ನೂ ಬಿಡುವುದಿಲ್ಲ. ತಳಿ, ಗಾತ್ರದ ನೆಪದಲ್ಲಿ ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕಾಗದದ ಹಕ್ಕು ಬೇರೆ, ಲಿಫ್ಟಿನೊಳಗೆ ನಾಯಿಗೆ ಹೆದರಿ ಮೂಲೆಗೆ ಅಂಟಿ ನಿಂತ ಪಕ್ಕದ ಮನೆಯಾಕೆ ಬೇರೆ. ಆಕೆ ಹೋದ ಮೇಲೆ ಮುಂದಿನ ಲಿಫ್ಟ್ ಹತ್ತಿದರೆ ನಷ್ಟವೇನಿಲ್ಲ.

ಖರ್ಚಿನ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ, ಆದರೆ ಲೆಕ್ಕ ಹಾಕಿಯೇ. ಅರವತ್ತು ಕಿಲೋದ ನಾಯಿಗೆ ದಿನಕ್ಕೆ ಸುಮಾರು 2,400 ಕ್ಯಾಲರಿ ಬೇಕು. ದುಡಿಯುವ ಗಂಡಸಿನ ಊಟ ಎನ್ನಿ. ಒಣ ಆಹಾರವಾದರೆ ದಿನಕ್ಕೆ ಏಳುನೂರು ಗ್ರಾಂ, ತಿಂಗಳಿಗೆ ಇಪ್ಪತ್ತು ಕಿಲೋದ ಒಂದು ಚೀಲ. ಮನೆಯಲ್ಲೇ ರಾಗಿ ಅಂಬಲಿ, ಅನ್ನ, ಮೊಟ್ಟೆ, ಕೋಳಿ ಬೇಯಿಸಿ ಹಾಕುತ್ತೇವೆ ಎನ್ನುವವರು ಮಾಂಸದ ಪಾಲು ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಸಾರಿನ ಈರುಳ್ಳಿ, ಪಾಯಸದ ಒಣದ್ರಾಕ್ಷಿ, ಮಕ್ಕಳ ಚಾಕೊಲೇಟ್ ಮೂರೂ ನಾಯಿಗೆ ವಿಷ. ಔಷಧಿಯೆಲ್ಲ ತೂಕದ ಲೆಕ್ಕದಲ್ಲಿ. ಹತ್ತು ಕಿಲೋಗೊಂದರಂತೆ ಕೊಡುವ ಜಂತುಹುಳದ ಮಾತ್ರೆ ಪಗ್ ನಾಯಿಗೆ ಒಂದು, ಡೇನ್‌ಗೆ ಆರು. ಉಣ್ಣೆಯಿಂದ ಬರುವ ಜ್ವರ ನಮ್ಮ ಊರುಗಳಲ್ಲಿ ಸಾಮಾನ್ಯ, ರಕ್ಷಿಸಿ ತಂದ ನಾಯಿಗಂತೂ ಮೊದಲ ವಾರವೇ ರಕ್ತ ಪರೀಕ್ಷೆ ಮಾಡಿಸಬೇಕು. ಡೇನ್, ಸೇಂಟ್ ಬರ್ನಾರ್ಡ್‌ಗಳಂಥ ಆಳೆದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆಯುಂಟು. ಹೊಟ್ಟೆ ತಮಟೆಯಂತಾಗಿ, ವಾಂತಿಗೆ ಓಕರಿಸಿದರೂ ಏನೂ ಬಾರದೆ, ಜೊಲ್ಲು ಸುರಿಸುತ್ತಾ ಅತ್ತಿತ್ತ ತಿರುಗಾಡಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಬೇಕು. ಹಾಗಾಗಿ ಊಟವನ್ನು ಎರಡು ಮೂರು ಹೊತ್ತಿಗೆ ಹಂಚುವುದು, ಉಂಡ ಮೇಲೆ ಓಡಾಡಿಸದಿರುವುದು, ರಾತ್ರಿ ತೆರೆದಿರುವ ಆಸ್ಪತ್ರೆ ಎಲ್ಲಿದೆಯೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ಇನ್ನೊಂದು, ಯಾರೂ ಹೇಳದ ಮಾತು: ನಿಲ್ಲಲಾಗದ ಅರವತ್ತು ಕಿಲೋದ ನಾಯಿಯನ್ನು ಮೂರನೇ ಮಹಡಿಯಿಂದ ಕೆಳಗಿಳಿಸುವುದು ಒಬ್ಬರ ಕೈಲಿ ಆಗುವುದಿಲ್ಲ. ದಪ್ಪನೆಯ ಕಂಬಳಿ ಹಾಸಿ ಅದರ ಮೇಲೆ ಮಲಗಿಸಿ ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿಯಬೇಕು. ಕರೆದರೆ ಬರುವ ಆ ಮೂವರು ನೆರೆಯವರು ಯಾರೆಂದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹದಿನೈದು ಕಿಲೋದ ನಾಯಿಯೇ ಮೇಲು.

ಊರಿನ ಹವೆಯನ್ನೂ ನೋಡಬೇಕು. ಸೇಂಟ್ ಬರ್ನಾರ್ಡ್ ಹುಟ್ಟಿದ್ದು ಆಲ್ಪ್ಸ್ ಪರ್ವತದ 2,469 ಮೀಟರ್ ಎತ್ತರದ ಕಣಿವೆದಾರಿಯಲ್ಲಿ. ಹಿಮದಲ್ಲಿ ಸಿಕ್ಕಿಕೊಂಡವರನ್ನು ಉಳಿಸಿದ ಬ್ಯಾರಿ ಎಂಬ ನಾಯಿಯ ದೇಹ ಇಂದಿಗೂ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆ ಕೂದಲ ಕಂಬಳಿಯನ್ನು ಹೊತ್ತು, ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದಲೇ ಮೈ ತಂಪು ಮಾಡಿಕೊಳ್ಳುವ ಪ್ರಾಣಿ ಬೆಂಗಳೂರಿನಲ್ಲೇ ಏಪ್ರಿಲ್ ತಿಂಗಳು ಏದುಸಿರು ಬಿಡುತ್ತದೆ. ಕಲಬುರಗಿ, ರಾಯಚೂರಿನವರು ಇದನ್ನು ಕರುಣೆಯಿಂದ ದತ್ತು ತಂದರೂ ತಪ್ಪೇ. ಡೇನ್, ಲ್ಯಾಬ್ ಅಷ್ಟು ಕಷ್ಟಪಡುವುದಿಲ್ಲ, ಅವಕ್ಕೂ ಬೆಳಿಗ್ಗೆ ಏಳರೊಳಗೆ, ಸಂಜೆ ಟಾರು ತಣಿದ ಮೇಲೆ ನಡಿಗೆ.

‘ಬೇಗ ಸತ್ತುಹೋಗುತ್ತವಂತೆ’ ಎಂಬುದು ನಿಜ. ಜರ್ಮನಿಯ ಕಾರ್ನೆಲಿಯಾ ಕ್ರಾಸ್ ಮತ್ತು ಸಂಗಡಿಗರ 2013ರ ಲೆಕ್ಕದಂತೆ ಮೈತೂಕ ಎರಡು ಕಿಲೋ ಹೆಚ್ಚಾದಂತೆ ನಾಯಿಯ ನಿರೀಕ್ಷಿತ ಆಯುಸ್ಸು ಸುಮಾರು ಒಂದು ತಿಂಗಳು ತಗ್ಗುತ್ತದೆ. ದೊಡ್ಡ ನಾಯಿಗಳು ಬೇಗನೆ ಮುಪ್ಪಾಗುತ್ತವೆ. ಡೇನ್‌ಗೆ ಎಂಟರಿಂದ ಹತ್ತು ವರ್ಷವೇ ತುಂಬು ಬಾಳು. ನಾಲ್ಕು ವರ್ಷದ್ದನ್ನು ತಂದರೆ ಉಳಿಯುವುದು ನಾಲ್ಕೈದು ವರ್ಷ. ನನಗಿದು ಕೊರತೆಯಾಗಿ ಕಾಣುವುದಿಲ್ಲ. ಹನ್ನೆರಡು ಹದಿನಾಲ್ಕು ವರ್ಷದ ಮಾತು ಕೊಟ್ಟು ಮರಿ ತರುವ ಕುಟುಂಬಗಳು ಆ ಹದಿನಾಲ್ಕು ವರ್ಷದಲ್ಲಿ ಎಷ್ಟು ಬದಲಾಗುತ್ತವೆ! ಆರನೇ ಕ್ಲಾಸಿನ ಹುಡುಗ ಎಂಜಿನಿಯರಿಂಗ್ ಮುಗಿಸಿ ಹೊರದೇಶಕ್ಕೆ ಹೋಗಿರುತ್ತಾನೆ, ಅಪ್ಪನಿಗೆ ಮಂಡಿ ನೋವು ಬಂದಿರುತ್ತದೆ, ನಾಯಿ ಯಾರಿಗೂ ಬೇಡವಾಗಿರುತ್ತದೆ. ಐದು ವರ್ಷದ ಮಾತನ್ನು ಉಳಿಸಿಕೊಳ್ಳುವುದು ಹೆಚ್ಚು ಮನೆಗಳಿಗೆ ಸಾಧ್ಯ.

ಕೊನೆಯ ಆಕ್ಷೇಪ ನೈತಿಕವಾದದ್ದು, ಬಹುಶಃ ಎಲ್ಲಕ್ಕಿಂತ ನ್ಯಾಯವಾದದ್ದು: ನಮ್ಮದೇ ಬೀದಿಗಳಲ್ಲಿ ಇಷ್ಟು ನಾಯಿಗಳಿರುವಾಗ ವಿದೇಶಿ ತಳಿಯೇ ಬೇಕೇ? ಗಾತ್ರದ ಹಟವಿಲ್ಲದವರಿಗೆ ನಾಟಿ ನಾಯಿಯಂಥ ಸಂಗಾತಿ ಇನ್ನೊಂದಿಲ್ಲ ಎಂದು ಒಪ್ಪುತ್ತೇನೆ. ಬಿಸಿಲಿಗೂ ಸೈ, ರೋಗಕ್ಕೂ ಗಟ್ಟಿ. ಆದರೆ ಬೀದಿಯಲ್ಲಿ ಹುಟ್ಟಿದ ನಾಯಿಗೆ ಗಲ್ಲಿಯ ನಕ್ಷೆ ಗೊತ್ತು, ಯಾವ ಹೋಟೆಲಿನ ಹಿಂಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಗೊತ್ತು. ಬಿಟ್ಟುಹೋದ ಡೇನ್‌ಗೆ ಅದೇನೂ ಗೊತ್ತಿಲ್ಲ. ಕಾರು ಹೋದ ದಿಕ್ಕಿಗೆ ನೋಡುತ್ತಾ ಅಲ್ಲೇ ಕೂತಿರುತ್ತದೆ, ಬೀದಿಯ ಗುಂಪಿನೊಂದಿಗೆ ಕಾದಾಡಲೂ ಬಾರದು, ಅನ್ನ ಹುಡುಕಲೂ ಬಾರದು. ಮೇಲಾಗಿ ಕೈಬಿಟ್ಟದ್ದನ್ನು ತರುವವರ ದುಡ್ಡು ಮರಿ ಹುಟ್ಟಿಸಿ ಮಾರುವವರ ಜೇಬಿಗೆ ಹೋಗುವುದಿಲ್ಲ. ಇಲ್ಲೂ ಒಂದು ಕಳ್ಳದಾರಿಯಿದೆ: ‘ಹೆಣ್ಣೇ ಬೇಕು, ಆಪರೇಷನ್ ಆಗಿರಬಾರದು’ ಎಂದು ಕೇಳಿಕೊಂಡು ಬರುವವರು. ಅವರಿಗೆ ಬೇಕಿರುವುದು ಸಂಗಾತಿಯಲ್ಲ, ಮರಿ ಹಾಕುವ ಯಂತ್ರ. 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾ ಆಗಲಿ, ಮೈಸೂರಿನ ಪೀಪಲ್ ಫಾರ್ ಆನಿಮಲ್ಸ್, ಮಂಗಳೂರು ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳಾಗಲಿ ದತ್ತು ಕೊಡುವ ಮುಂಚೆ ಮನೆ ನೋಡಬೇಕು, ಸಂತಾನಹರಣ ಆಗಿರಬೇಕು ಎಂದರೆ ಸಿಡುಕಬಾರದು. ಏನೂ ಕೇಳದೆ ನಾಯಿ ಕೊಡುವವರ ಬಗ್ಗೆಯೇ ಅನುಮಾನಪಡಬೇಕು.

ಮನೆಯವರೆಲ್ಲ ಒಟ್ಟಿಗೆ ಹೋಗಿ, ಒಂದೇ ಸಲಕ್ಕೆ ಕರೆತರದೆ ಎರಡು ಮೂರು ಸಲ ಹೋಗಿ, ಅದೇ ನಾಯಿಯ ಜೊತೆ ನಡೆದು ಬನ್ನಿ. ದೀಪಾವಳಿ ಹತ್ತಿರವಿದ್ದರೆ ಹಬ್ಬ ಕಳೆಯುವವರೆಗೆ ತಡೆಯಿರಿ. ಹೊಸ ಮನೆ, ಹೊಸ ಜನ, ಮೇಲೆ ಆನೆ ಪಟಾಕಿ, ಮೂರನ್ನೂ ಒಂದೇ ವಾರ ಯಾವ ನಾಯಿಯೂ ತಡೆಯಲಾರದು. ಮೊದಲ ಮೂರು ದಿನ ಬೆರಗು, ಮೂರು ವಾರದಲ್ಲಿ ಮನೆಯ ವೇಳಾಪಟ್ಟಿ, ಮೂರು ತಿಂಗಳಲ್ಲಿ ತನ್ನ ಮನೆಯೆಂಬ ಸಲಿಗೆ ಎಂದು ಈ ಕೆಲಸ ಮಾಡುವವರು ಒಂದು ಅಂದಾಜು ಇಟ್ಟುಕೊಂಡಿದ್ದಾರೆ. ಆ ಮೂರು ದಿನ ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ, ಮಂಚದ ಕೆಳಗಿಂದ ಎಳೆಯಬೇಡಿ. ಟೀಪಾಯಿಯ ಮೇಲಿನ ಕಾಫಿ ಲೋಟಗಳನ್ನು ಎತ್ತಿಡಿ, ಡೇನ್‌ನ ಬಾಲ ಅವುಗಳ ಎತ್ತರಕ್ಕೇ ಬೀಸುತ್ತದೆ. ನಯವಾದ ಗ್ರಾನೈಟ್ ನೆಲದಲ್ಲಿ ಇಷ್ಟು ದೊಡ್ಡ ನಾಯಿಯ ಕಾಲು ಜಾರುತ್ತದೆ, ಬರೀ ನೆಲದಲ್ಲಿ ಮಲಗಿ ಮಲಗಿ ಮೊಣಕೈ ಚರ್ಮ ಜಡ್ಡುಗಟ್ಟುತ್ತದೆ. ಅಟ್ಟದ ಮೇಲಿರುವ ಹಳೆಯ ನವಲಗುಂದದ ಜಮಖಾನವನ್ನು ಇಳಿಸಿ, ನಾಲ್ಕು ಮಡಿಕೆ ಮಾಡಿ, ಬಾಗಿಲೂ ಅಡುಗೆಮನೆಯೂ ಎರಡೂ ಕಾಣುವ ಮೂಲೆಯಲ್ಲಿ ಹಾಸಿ. ಅದು ಬಾಗಿಲ ಕಡೆ ಮುಖ ಮಾಡಿ ಮಲಗುವುದನ್ನು ಬಿಟ್ಟು ಅಡುಗೆಮನೆಯ ಕಡೆ ಮುಖ ಮಾಡಿ ಮಲಗುವ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.